ಬೀಜದ ಗಡ್ಡೆ

ಹಗಲಿಗೊಂದು ಲೆಕ್ಕದ ಪುಸ್ತಕ, ಕೆಂಪು ರಟ್ಟಿನದು.
ಶನಿವಾರದ ರಾತ್ರಿಗೆ ಇನ್ನೊಂದು.
ಎರಡನ್ನೂ ನಾನೇ ಬರೆಯುತ್ತಿದ್ದೆ,
ಹಾಸನದ ಆಲೂಗಡ್ಡೆ ಮಂಡಿಯ ಗುಮಾಸ್ತ.
ಎರಡರಲ್ಲೂ ಒಂದು ಪೈಸೆ ತಪ್ಪಿದ್ದಿಲ್ಲ.

ತೊಂಬತ್ತಾರರಲ್ಲಿ ಶುರು. ಹಿಂದಿನ ಗೋದಾಮಿನ ಬೀಗದ ಕೈ ಕೊಟ್ಟು
ಧರಣೇಂದ್ರಯ್ಯನವರು ಅಂದದ್ದು ಇಷ್ಟೇ:
'ನಾನು ಗಡ್ಡೆ ಮಾರೋ ಜೈನ, ತಿನ್ನೋನಲ್ಲ.
ತಿನ್ನೋರನ್ನ ಯಾಕೆ ತಿಂತೀರಿ ಅಂತ
ಇವತ್ತಿನವರೆಗೂ ಕೇಳಿಲ್ಲ ಕಣಯ್ಯ.'

ಅರ್ಧ ಎತ್ತಿದ ಷಟರಿನ ಕೆಳಗೆ ಒಂದು ದನಿ:
ಬೀಜದ ಗಡ್ಡೆ ಐತಾ?
ಮೊಳಕೆ ಬಂದಿರೋದೇ ಐತೆ, ಬಗ್ಗಿ ಬಾ.

ಬಗ್ಗಿ ಬಂದವರು:
ಅರಸೀಕೆರೆ ಲಾಸ್ಟ್ ಬಸ್ಸಿನ ಕಂಡಕ್ಟರ್ ಇನಾಸಪ್ಪ, ಹೆಗಲಲ್ಲಿ ಚರ್ಮದ ಚೀಲ,
ಪೆನ್ಷನ್ ಮೊಹಲ್ಲಾದ ಬ್ಯಾಂಡ್‌ಸೆಟ್ಟಿನ ಮುಕ್ತಿಯಾರ್,
ವಾರವೆಲ್ಲ ಊರವರ ಮದುವೆಗೆ ಕ್ಲಾರಿನೆಟ್ ಊದಿ ತುಟಿ ಬಾತವನು,
ಡ್ರಿಲ್ ಮಾಸ್ತರು ತಿಮ್ಮಶೆಟ್ಟಿ, ಇಬ್ಬರು ಮಕ್ಕಳ ತಂದೆ, ಕೊರಳಲ್ಲಿ ಸೀಟಿ,
ಮತ್ತೆ ನಮಗೆಲ್ಲ ಸೀರೆಯ ನಿರಿಗೆ ಹಿಡಿಯಲು ಕಲಿಸಿದ ಚೆಲುವಿ,
ರೇಷನ್ ಕಾರ್ಡಿನಲ್ಲಿ ಚೆಲುವರಾಜು.
ಕೋತಿ ಅನ್ನುವುದು ನಮಗೆ ನಾವೇ ಇಟ್ಟುಕೊಂಡ ಹೆಸರು,
ಬೀದಿಯಲ್ಲಿ ಅಂದರೆ ಬೈಗುಳ, ಗೋದಾಮಿನೊಳಗೆ ಮುದ್ದು.

ವರ್ಷಕ್ಕೊಮ್ಮೆ ಕದ ತೆರೆಯುವ ದೇವಿಯ ಊರು ಇದು.
ನಮ್ಮದು ವಾರಕ್ಕೊಮ್ಮೆ.
ಅಷ್ಟರ ಮಟ್ಟಿಗೆ ನಾವು ಉದಾರಿಗಳು.

ಜಲಂಧರದಿಂದ ಬೀಜದ ಲಾರಿ ಬರುವ ತಿಂಗಳು ಜಾಗವೇ ಇರದು,
ಮೂಟೆಗಳ ನಡುವಿನ ಓಣಿಯಲ್ಲಿ ಇಬ್ಬಿಬ್ಬರೇ ಕುಣಿಯಬೇಕು.
ಗೋಣಿಯ ದೂಳು, ಟೇಪ್‌ರೆಕಾರ್ಡರು, ಮಣ್ಣಿನ ವಾಸನೆ.
ಚೆಲುವಿ ಮಾತ್ರ ಮೂಟೆ ತೂಗುವ ತಕ್ಕಡಿಯ ಮೇಲೆ ಹತ್ತಿ ಕುಣಿಯುವಳು:
ಮುಳ್ಳು ಐವತ್ತೆಂಟು, ಐವತ್ತೆರಡು, ಅರವತ್ತು,
ಹಾಡು ಮುಗಿದರೂ ನಿಲ್ಲದು.

ನಾನು ಕುಣಿದದ್ದು ಒಂದೇ ಸಲ.
ಇನಾಸಪ್ಪ ಮೇಜಿನ ಮುಂದೆ ನಿಂತು ಟಿಕೆಟ್ ಹರಿದು ಕೈಗಿಟ್ಟ:
ಅರಸೀಕೆರೆ, ಒಂದು ಫುಲ್.
ಎದ್ದೆ.

ರಾತ್ರಿ ಪುಸ್ತಕದಿಂದ ಕೆಲವು ಸಾಲು:
ಸಕಲೇಶಪುರದ ಹುಡುಗ, ಮನೆಯಿಂದ ದಬ್ಬಿದ್ದು, ಎರಡು ತಿಂಗಳ ಊಟ.
ಠಾಣೆಗೆ ಐನೂರು. ಮತ್ತೆ ಐನೂರು.
ಮುಕ್ತಿಯಾರ್ ತಂಗಿ ಮದುವೆ, ಮುಯ್ಯಿ, ನೂರಾ ಒಂದು.
ಬಳೆ, ಒಂದು ಡಜನ್, ಯಾರಿಗೆಂದು ಬರೆದಿಲ್ಲ.
ಜಿಲ್ಲಾಸ್ಪತ್ರೆ, ಡ್ರಿಪ್ಪು.
ಜಿಲ್ಲಾಸ್ಪತ್ರೆ, ಡ್ರಿಪ್ಪು.

ಎರಡು ಸಾವಿರದ ಎರಡು, ಯುಗಾದಿಗೆ ನಲವತ್ತೊಂದು.
ಗೌರಿಹಬ್ಬಕ್ಕೆ ಮೂವತ್ತಾರು.
ಆಮೇಲೆ ಅವಳು ತಕ್ಕಡಿ ಹತ್ತಲಿಲ್ಲ,
ಹತ್ತು ಅಂತ ನಾವೂ ಅನ್ನಲಿಲ್ಲ.

ಹೆಣ ಕೊಡುವಾಗ ಆಸ್ಪತ್ರೆಯವರು ಕೇಳಿದರು, ಏನಾಗಬೇಕು ನಿಮಗೆ?
ಸೀಟಿ ಊದಿ ಊದಿ ಒಡೆದ ಗಂಟಲಲ್ಲಿ ಮಾಸ್ತರು ಅಂದರು:
ಮಂಡಿಯೋರು.
ಅವರು ಹಾಗೇ ಬರೆದುಕೊಂಡರು.
ಬಿದಿರು, ಹೊಸ ಸೀರೆ, ಮಲ್ಲಿಗೆ ನಾಲ್ಕು ಮಾರು: ಖರ್ಚು ಕಾಲಮ್ಮಿನಲ್ಲಿದೆ.
ಅವತ್ತು ಮಾತ್ರ ಕೂಡಿದ್ದು ತಪ್ಪಾಗಿದೆ, ತಿದ್ದಿಲ್ಲ.

ನಮ್ಮನ್ನು ಮುಚ್ಚಿಸಿದ್ದು ಪೊಲೀಸರಲ್ಲ, ಅಂಗಮಾರಿ.
ಹೊಲದಲ್ಲಿ ಗಡ್ಡೆ ಕಪ್ಪಾಗಿ, ಜನ ಜೋಳ ಹಾಕಿದರು,
ಗೋದಾಮು ಮಾರಿಹೋಯಿತು. ಈಗ ಅಲ್ಲಿ ಟೈಲ್ಸ್ ಅಂಗಡಿ,
ಕುಣಿಯಲು ಎಂಥ ನುಣುಪಾದ ನೆಲ!

ದೆಹಲಿಯ ಕೋರ್ಟು ನೀವು ಅಪರಾಧಿಗಳಲ್ಲ ಅಂದದ್ದು ಗುರುವಾರ.
ಶನಿವಾರದವರೆಗೆ ಕಾದು
ಆ ಅಂಗಡಿಗೆ ಹೋಗಿ ಬಚ್ಚಲಿನ ಟೈಲ್ಸಿನ ರೇಟು ಕೇಳಿ ಬಂದೆ.

ಕೊನೆಯ ಪುಟದಲ್ಲಿ ಶಿಲ್ಕು ಹದಿನೇಳು ರೂಪಾಯಿ.
ಯಾರಿಗೆ ಕೊಡಬೇಕೋ ತಿಳಿಯದೆ
ಟಿಕೆಟಿನ ಜೊತೆ ಹಾಗೇ ಇಟ್ಟುಕೊಂಡಿದ್ದೇನೆ.